ಏಕಲವ್ಯನ ಹೆಬ್ಬೆರಳಿನ ಲೆಕ್ಕ ಕೇಳಿದ ಕೈಲಾಸಂ

ಹಾಸನ: ಕುರುಕ್ಷೇತ್ರ ನಾಟಕ ನೋಡದೇ ಬೆಳೆದವರು ನಮ್ಮ ಜಿಲ್ಲೆಯಲ್ಲಿ ಬಹಳ ಕಮ್ಮಿ. ಹಾಸನಾಂಬ ಕಲಾಕ್ಷೇತ್ರದ ಕಡೆ ಹೋದರೆ ಯಾವುದಾದರೂ ಊರಿನ ಕಲಾ ಸಂಘದ ಫ್ಲೆಕ್ಸ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಸಾಕು, ಹಾರ್ಮೋನಿಯಂ ಮೇಷ್ಟ್ರು ಬಂದು ಕೂತುಬಿಡ್ತಾರೆ. ಎರಡು ಮೂರು ತಿಂಗಳು ರಾತ್ರಿ ಹೊತ್ತು ಪ್ರಾಕ್ಟೀಸ್. ಹಗಲು ದಿನಸಿ ಅಂಗಡಿಯಲ್ಲಿ ಸಕ್ಕರೆ ತೂಗೋರು ರಾತ್ರಿ ದುರ್ಯೋಧನ. ಆಲೂಗೆಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯೋರು ಶಕುನಿ. ಒಂದೊಂದು ಪಾರ್ಟಿಗೆ ಒಂದೊಂದು ರೇಟು, ಸೀನರಿ ಬಾಡಿಗೆ ಬೇರೆ, ಹೆಣ್ಣು ಪಾತ್ರಕ್ಕೆ ಪೇಟೆಯಿಂದ ಕಲಾವಿದೆಯರು. ರಾತ್ರಿ ಹತ್ತಕ್ಕೆ ಶುರುವಾದರೆ ಕೋಳಿ ಕೂಗೋವರೆಗೂ ಪದ್ಯ, ಚಪ್ಪಾಳೆ, ಹಾರ.

ಅದರಲ್ಲಿ ಕರ್ಣನ ಪಾರ್ಟ್ ಅಂದರೆ ತೂಕದ ಪಾರ್ಟ್. ಕುಂತಿ ಬಂದು ನೀನು ನನ್ನ ಮಗ ಅಂತ ಹೇಳೋ ಸೀನ್‌ನಲ್ಲಿ ಕಣ್ಣೊರೆಸಿಕೊಳ್ಳದ ಹೆಂಗಸರಿಲ್ಲ. ಆದರೆ ಮೇಷ್ಟ್ರು ಬರೆಯೋ ಪಾರ್ಟಿನ ಪಟ್ಟಿಯಲ್ಲಿ ಕರ್ಣನಷ್ಟೇ ಅನ್ಯಾಯ ಉಂಡ ಇನ್ನೊಬ್ಬನ ಹೆಸರು ಇರೋದೇ ಇಲ್ಲ. ಅವನು ಬೇಡರ ಹುಡುಗ ಏಕಲವ್ಯ. ಕುರುಕ್ಷೇತ್ರ ನಾಟಕ ಶುರುವಾಗೋ ಹೊತ್ತಿಗೆ ಅವನ ಕಥೆ ಮುಗಿದು ಹೋಗಿರುತ್ತೆ.

ಈ ಇಬ್ಬರನ್ನೂ, ಅಂದರೆ ಕರ್ಣ ಮತ್ತು ಏಕಲವ್ಯನನ್ನ, ಜೀವಮಾನವಿಡೀ ತಲೆಯಲ್ಲಿ ಹೊತ್ತು ತಿರುಗಿದ ಒಬ್ಬ ನಾಟಕಕಾರ ನಮ್ಮ ನಾಡಿನಲ್ಲಿದ್ದರು. ಅವರೇ ಟಿ.ಪಿ. ಕೈಲಾಸಂ. ಜುಲೈ 29 ಅವರ ಹುಟ್ಟುಹಬ್ಬ. ಹೆಸರು ಕೇಳಿದ ತಕ್ಷಣ ನಮಗೆ ನೆನಪಾಗೋದು ಜೋಕು, ಸಿಗರೇಟು, ಇಂಗ್ಲಿಷ್ ಬೆರೆಸಿದ ಕನ್ನಡ. ಕನ್ನಡಕ್ಕೊಬ್ಬನೇ ಕೈಲಾಸಂ ಅಂತ ಜನ ಬಾಯಿತುಂಬ ಹೊಗಳೋದೂ ಅದಕ್ಕೇ. ಆದರೆ ಆ ನಗುವಿನ ಹಿಂದೆ ಒಂದು ಸಿಟ್ಟು ಇತ್ತು. ಆ ಸಿಟ್ಟಿನ ಕಥೆಯನ್ನ ಕುರುಕ್ಷೇತ್ರ ಆಡೋ ನಮ್ಮ ಜಿಲ್ಲೆಯವರು ತಿಳಿದುಕೊಳ್ಳಬೇಕು.

ಜಡ್ಜ್ ಮಗ

ಕೈಲಾಸಂ ಹುಟ್ಟಿದ್ದು 1884ರಲ್ಲಿ. ಪೂರ್ತಿ ಹೆಸರು ತ್ಯಾಗರಾಜ ಪರಮಶಿವ ಕೈಲಾಸಂ. ಮನೆ ಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ಚೀಫ್ ಕೋರ್ಟಿನಲ್ಲಿ ಜಡ್ಜ್ ಆಗಿದ್ದವರು. ಅಂದಿನ ಕಾಲಕ್ಕೆ ಇದಕ್ಕಿಂತ ದೊಡ್ಡ ಮನೆತನ ಬೇಕಾ? ದುಡ್ಡಿಗೆ, ಗೌರವಕ್ಕೆ, ಜಾತಿಗೆ ಯಾವುದಕ್ಕೂ ಕೊರತೆ ಇರಲಿಲ್ಲ.

ಆ ತಂದೆಯೂ ಸಾಮಾನ್ಯದವರಲ್ಲ. ರಾಮಾಯಣದ ಲಂಕೆ ಈಗಿನ ಶ್ರೀಲಂಕಾ ಅಲ್ಲ, ಮಧ್ಯ ಭಾರತದಲ್ಲೇ ಇತ್ತು ಅಂತ ವಾದ ಮಾಡಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದವರು. ಪುರಾಣವನ್ನ ಕೈ ಮುಗಿದು ಕೇಳೋದರ ಜೊತೆಗೆ ಎದ್ದು ನಿಂತು ಪ್ರಶ್ನೆಯನ್ನೂ ಕೇಳಬಹುದು ಅನ್ನೋದು ಆ ಮನೆಯಲ್ಲೇ ಇತ್ತು ಅಂತ ಕಾಣುತ್ತೆ.

ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಆರಿಸಿಕೊಂಡಿದ್ದು ಭೂವಿಜ್ಞಾನ. ಅಂದರೆ ಕಲ್ಲು, ಮಣ್ಣು, ಗಣಿಯ ವಿದ್ಯೆ. ಅದರಲ್ಲಿ ಹುಷಾರಾಗಿದ್ದರು. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು, ಲಂಡನ್ನಿಗೆ ಹೋದರು. ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಓದು. ಓದಿನ ಜೊತೆಗೆ ಇನ್ನೊಂದು ಪಾಠವೂ ನಡೀತಾ ಇತ್ತು, ಲಂಡನ್ನಿನ ನಾಟಕ ಮಂದಿರಗಳಲ್ಲಿ. ರಾಜರಾಣಿಯರ ಬದಲು ಮಾಮೂಲಿ ಮನೆಯ ಜನ ರಂಗದ ಮೇಲೆ ಕೂತು ಮಾತಾಡೋ ಹೊಸ ರೀತಿಯ ನಾಟಕಗಳು ಆಗ ಅಲ್ಲಿ ಜೋರಾಗಿದ್ದವು. ಅಲ್ಲಿನ ಜನ ಗುನುಗುತ್ತಿದ್ದ ಹಾಡುಗಳನ್ನೂ ಕಿವಿಯಲ್ಲಿ ಇಟ್ಟುಕೊಂಡರು. ಮುಂದೆ ಅದೇ ಧಾಟಿಗೆ ತಿಪ್ಪಾರಳ್ಳಿ, ಕೋಳೀಕೆ ರಂಗ ಅಂತ ಕನ್ನಡದ ಹಾಡು ಕಟ್ಟಿದರು. ಇವತ್ತಿಗೂ ಸ್ಕೂಲ್ ಡೇಗಳಲ್ಲಿ ಮಕ್ಕಳು ಕೋಳೀಕೆ ರಂಗನಿಗೆ ಕುಣೀತಾರೆ.

1915ರ ಹೊತ್ತಿಗೆ ವಾಪಸ್ ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಸಂಬಳ ಇತ್ತು, ಪದವಿ ಇತ್ತು, ಮೇಲೆ ಹೋಗೋ ದಾರಿಯೂ ಇತ್ತು. ಕೆಲವೇ ವರ್ಷಕ್ಕೆ ಕೆಲಸ ಬಿಟ್ಟುಬಿಟ್ಟರು. ಮನೆಯವರಿಗೆ ಎಷ್ಟು ಸಂಕಟ ಆಗಿರಬೇಕು ಅಂತ ನಾವು ಊಹಿಸಬಹುದು. ಲಂಡನ್ನಿನಲ್ಲಿ ಓದಿದ ಜಡ್ಜ್ ಮಗ ಸರ್ಕಾರಿ ನೌಕರಿ ಬಿಟ್ಟು ನಾಟಕ ಅಂತ ಹೊರಟರೆ ಇವತ್ತೇ ಊರು ಸುಮ್ಮನಿರಲ್ಲ. ನೂರು ವರ್ಷದ ಹಿಂದೆ ಬಿಡ್ತಾರಾ?

ಟೊಳ್ಳು ಯಾವುದು, ಗಟ್ಟಿ ಯಾವುದು

ಆಗ ನಮ್ಮಲ್ಲಿ ನಾಟಕ ಅಂದರೆ ಕಂಪನಿ ನಾಟಕ. ಗುಬ್ಬಿ ಕಂಪನಿ, ವರದಾಚಾರ್ಯರ ಕಂಪನಿ. ಬಣ್ಣದ ಪರದೆ, ಕಿರೀಟ, ಗಂಟೆಗಟ್ಟಲೆ ಸಂಗೀತ. ಪುಸ್ತಕದ ಭಾಷೆ. ಅದರ ರುಚಿಯೇ ಬೇರೆ, ನಮ್ಮ ಕುರುಕ್ಷೇತ್ರ ಬಂದಿರೋದೂ ಅದೇ ದಾರಿಯಲ್ಲಿ. ಕೈಲಾಸಂ ಆ ಪರದೆಯನ್ನ ಎತ್ತಿ ಪಕ್ಕಕ್ಕಿಟ್ಟರು. ರಂಗದ ಮೇಲೆ ಒಂದು ಮಾಮೂಲಿ ಮನೆಯ ಹಜಾರ ತಂದಿಟ್ಟರು. ಅಲ್ಲಿ ಅಪ್ಪ, ಅಮ್ಮ, ಮಕ್ಕಳು ದಿನಾ ಹೇಗೆ ಮಾತಾಡ್ತಾರೋ ಹಾಗೇ ಮಾತಾಡಿದರು. ಓದಿದವರ ಬಾಯಲ್ಲಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಜನ ಬಿದ್ದು ಬಿದ್ದು ನಕ್ಕರು. ನಗ್ತಾ ನಗ್ತಾ ಇದು ನಮ್ಮ ಮನೆಯ ಕಥೆಯೇ ಅಲ್ವಾ ಅಂತ ಗೊತ್ತಾದಾಗ ಸುಮ್ಮನಾದರು.

1918ರ ಸುಮಾರಿಗೆ ಬಂದ 'ಟೊಳ್ಳುಗಟ್ಟಿ' ಅವರಿಗೆ ಹೆಸರು ತಂದ ನಾಟಕ. ಒಂದು ಮನೆಯಲ್ಲಿ ಇಬ್ಬರು ಗಂಡು ಮಕ್ಕಳು. ಒಬ್ಬ ಪುಟ್ಟು. ಪರೀಕ್ಷೆಯಲ್ಲಿ ಮುಂದೆ, ಅಪ್ಪನಿಗೆ ಅವನೇ ಹೆಮ್ಮೆ. ಇನ್ನೊಬ್ಬ ಮಾಧು. ಓದಿನಲ್ಲಿ ಹಿಂದೆ, ಮನೆ ಕೆಲಸದಲ್ಲಿ ಮುಂದೆ, ಬೈಗುಳ ಅವನಿಗೆ. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಪುಟ್ಟು ತನ್ನದನ್ನ ನೋಡಿಕೊಂಡ. ಮನೆಯವರ ಜೀವಕ್ಕೆ ನಿಂತವನು ಮಾಧು. ಯಾರು ಟೊಳ್ಳು, ಯಾರು ಗಟ್ಟಿ ಅನ್ನೋದನ್ನ ನಾಟಕಕಾರ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈ ನಾಟಕ ಓದಿದಾಗ ನನಗೆ ಸ್ವಲ್ಪ ಜಾಸ್ತಿನೇ ತಟ್ಟಿತು. ಯಾಕೆಂದರೆ ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನು. ಮದುವೆ ಮನೆಗಳಲ್ಲಿ ನೆಂಟರು ಏನು ಓದಿದ್ದೀಯಪ್ಪ ಅಂತ ಕೇಳಿದಾಗ ಎಲೆ ಕಡೆ ನೋಡ್ತಾ ಕೂತವನು. ಹಾಗಂತ ಓದು ಬೇಡ ಅಂತ ಕೈಲಾಸಂ ಹೇಳಿಲ್ಲ, ಅವರೇ ಲಂಡನ್ನಿಗೆ ಹೋಗಿ ಓದಿ ಬಂದವರು. ಮಾರ್ಕ್ಸ್ ಕಾರ್ಡ್ ನೋಡಿ ಮನುಷ್ಯನಿಗೆ ಬೆಲೆ ಕಟ್ಟಬೇಡಿ ಅನ್ನೋದಷ್ಟೇ ಅವರ ತಕರಾರು. ಆಮೇಲೆ ಬಂದ 'ಪೋಲಿ ಕಿಟ್ಟಿ'ಯಲ್ಲೂ ಇದೇ ಮಾತು. ಮನೆಯವರ ಕಣ್ಣಿಗೆ ಪೋಲಿ ಅನ್ನಿಸಿಕೊಂಡ ಹುಡುಗನೇ ಬೇರೆಯವರ ಕಷ್ಟಕ್ಕೆ ಓಡೋನು.

ಹಣೆಪಟ್ಟಿ ನೋಡಿ ಬೆಲೆ ಕಟ್ಟೋದರ ಮೇಲೆ ಅವರಿಗಿದ್ದ ಸಿಟ್ಟನ್ನ ನೆನಪಿಟ್ಟುಕೊಳ್ಳಿ. ಮುಂದೆ ಏಕಲವ್ಯನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಸ್ವಂತ ಜಾತಿಯ ಕಡೆಗೇ ಕನ್ನಡಿ

ಕೈಲಾಸಂ ಬೇರೆಯವರ ಮನೆ ತೂತು ಹುಡುಕಿಕೊಂಡು ಹೋಗಲಿಲ್ಲ. ಹುಟ್ಟಿದ ಬ್ರಾಹ್ಮಣ ಸಮಾಜದ ಕಡೆಗೇ ಕನ್ನಡಿ ಹಿಡಿದರು. 'ಬಹಿಷ್ಕಾರ' ಅನ್ನೋ ನಾಟಕದಲ್ಲಿ ನಗು ಕಮ್ಮಿ. ಮಗಳು ದೊಡ್ಡವಳಾಗೋ ಮುಂಚೆ ಮದುವೆ ಮಾಡಲಾಗದ ಒಂದು ಬಡ ಮನೆ. ಅವರನ್ನ ಜಾತಿಯಿಂದ ಹೊರಗೆ ಹಾಕ್ತಾರೆ. ಧರ್ಮದ ಹೆಸರಲ್ಲಿ ಒಂದು ಮನೆಯನ್ನ ಹೇಗೆ ಉಸಿರು ಕಟ್ಟಿಸಬಹುದು ಅನ್ನೋದನ್ನ ಅದರಲ್ಲಿ ತೋರಿಸಿದರು. ಕೊನೇ ದಿನಗಳಲ್ಲಿ 'ಸೂಳೆ' ಅಂತಲೇ ಹೆಸರಿಟ್ಟು ಒಂದು ನಾಟಕ ಕಟ್ಟಿದರು. ಸಮಾಜ ಬಾಗಿಲು ಹಾಕಿದ ಹೆಂಗಸಿನ ಒಳಗೂ ಮನುಷ್ಯತ್ವ ಇದೆ, ಬಾಗಿಲು ಹಾಕಿದವರ ಒಳಗೆ ಇದೆಯಾ ಅನ್ನೋದು ಅಲ್ಲಿನ ಪ್ರಶ್ನೆ. ಆ ಹೆಸರು ಕೇಳಿಯೇ ಮೂಗು ಮುರಿದವರಿದ್ದರು.

ಇನ್ನೊಂದು ಸೋಜಿಗ ಅಂದರೆ ಕೈಲಾಸಂ ಕೂತು ಬರೆದಿದ್ದಕ್ಕಿಂತ ಹೇಳಿದ್ದೇ ಜಾಸ್ತಿ. ನಾಟಕ ಪೂರ್ತಿ ತಲೆಯಲ್ಲಿ ಇರ್ತಿತ್ತು. ಸ್ನೇಹಿತರು ಸೇರಿದರೆ ಸಾಕು, ಎಲ್ಲ ಪಾತ್ರಗಳ ಮಾತನ್ನೂ ದನಿ ಬದಲಿಸಿ ತಾವೇ ಆಡಿ ತೋರಿಸ್ತಿದ್ದರು. ಹತ್ತಿರ ಇದ್ದವರು ಬರೆದುಕೊಂಡಿದ್ದರಿಂದ ನಮಗೆ ಇವತ್ತು ಅಷ್ಟಾದರೂ ಉಳಿದಿದೆ. ಜಿ.ಪಿ. ರಾಜರತ್ನಂ ಥರದ ಸಾಹಿತಿಗಳು, ವ್ಯಾಯಾಮ ಶಾಲೆ ನಡೆಸ್ತಿದ್ದ ಕಾದಂಬರಿಕಾರ ಕೆ.ವಿ. ಅಯ್ಯರ್ ಥರದ ಗೆಳೆಯರು ಅವರ ಸುತ್ತ ಇದ್ದರು. ನಮ್ಮ ಅರಕಲಗೂಡನ್ನ ಹೆಸರಿನ ಮೊದಲಕ್ಷರದಲ್ಲೇ ಇಟ್ಟುಕೊಂಡಿದ್ದ ಅ.ನ. ಕೃಷ್ಣರಾಯರೂ ಕೈಲಾಸಂ ಅವರನ್ನ ಬಲ್ಲವರೇ. ಎಷ್ಟು ನಾಟಕ ಬಾಯಲ್ಲೇ ಹುಟ್ಟಿ ಗಾಳಿಯಲ್ಲೇ ಹೋದವೋ ಲೆಕ್ಕ ಇಟ್ಟವರಿಲ್ಲ.

ಕಾಡಿನ ಹುಡುಗ ಗುರುಕುಲಕ್ಕೆ ಬಂದ

ಈಗ ಏಕಲವ್ಯನ ವಿಷಯಕ್ಕೆ ಬರೋಣ.

ಮಹಾಭಾರತದ ಕಥೆ ನಿಮಗೆಲ್ಲ ಗೊತ್ತು. ಬೇಡರ ಹುಡುಗ ಬಿಲ್ವಿದ್ಯೆ ಕಲಿಯೋಕೆ ದ್ರೋಣರ ಹತ್ತಿರ ಬರ್ತಾನೆ, ಅವರು ಆಗಲ್ಲ ಅಂತಾರೆ. ಕಾಡಿಗೆ ಹೋಗಿ ಗುರುವಿನ ಮಣ್ಣಿನ ಮೂರ್ತಿ ಮಾಡಿ ಅದರ ಮುಂದೆ ತಾನೇ ಕಲೀತಾನೆ. ಅರ್ಜುನನನ್ನೂ ಮೀರಿಸ್ತಾನೆ. ಕೊನೆಗೆ ದ್ರೋಣರು ಗುರುದಕ್ಷಿಣೆ ಅಂತ ಬಲಗೈ ಹೆಬ್ಬೆರಳನ್ನೇ ಕೇಳ್ತಾರೆ. ಕೊಡ್ತಾನೆ. ನಮ್ಮ ಶಾಲೆಗಳಲ್ಲಿ ಇದನ್ನ ಗುರುಭಕ್ತಿ ಪಾಠ ಅಂತ ಹೇಳಿಕೊಟ್ಟು ಮುಂದಕ್ಕೆ ಹೋಗ್ತಾರೆ. ಬೆರಳು ಹೋದ ಮೇಲೆ ಆ ಹುಡುಗ ಊಟ ಹೇಗೆ ಮಾಡಿದ ಅಂತ ಯಾರೂ ಕೇಳಲ್ಲ.

ಕೈಲಾಸಂ ಅಲ್ಲೇ ನಿಂತರು. 1944ರಲ್ಲಿ ಅಚ್ಚಾದ 'ದಿ ಪರ್ಪಸ್' ಅನ್ನೋ ಅವರ ಇಂಗ್ಲಿಷ್ ನಾಟಕ ಇದೇ ಕಥೆ. ಪರ್ಪಸ್ ಅಂದರೆ ಉದ್ದೇಶ. ವಿದ್ಯೆ ಯಾತಕ್ಕೆ ಬೇಕು ಅನ್ನೋ ಒಂದೇ ಪ್ರಶ್ನೆಯ ಮೇಲೆ ಇಡೀ ನಾಟಕ ನಿಂತಿದೆ. ಅರ್ಜುನನಿಗೆ ಬಿಲ್ವಿದ್ಯೆ ಬೇಕಾಗಿರೋದು ಲೋಕದಲ್ಲೇ ತಾನು ಮೊದಲನೆಯವನು ಅನ್ನಿಸಿಕೊಳ್ಳೋಕೆ. ಏಕಲವ್ಯನಿಗೆ ಬೇಕಾಗಿರೋದು ಕಾಡಿನ ಜಿಂಕೆ ಮರಿಗಳನ್ನ ತೋಳಗಳಿಂದ ಕಾಪಾಡೋಕೆ. ಅವನಿಗೆ ಹೆಸರು ಬೇಡ, ಬಹುಮಾನ ಬೇಡ.

ದ್ರೋಣರನ್ನ ಕೈಲಾಸಂ ಕೆಟ್ಟವರನ್ನಾಗಿ ಮಾಡಲಿಲ್ಲ. ಈ ಹುಡುಗನ ಉದ್ದೇಶ ಅರ್ಜುನನ ಉದ್ದೇಶಕ್ಕಿಂತ ದೊಡ್ಡದು ಅಂತ ಅವರಿಗೆ ಗೊತ್ತಾಗುತ್ತೆ. ಕಲಿಸೋ ಆಸೆಯೂ ಇದೆ. ಆದರೆ ಕೊಟ್ಟ ಮಾತು ಅಡ್ಡ ಬರುತ್ತೆ. ಅರಮನೆಯ ಅನ್ನ ಅಡ್ಡ ಬರುತ್ತೆ. ಒಳ್ಳೆಯವರೇ ಅನ್ಯಾಯಕ್ಕೆ ಹೇಗೆ ಕೈ ಜೋಡಿಸ್ತಾರೆ ಅನ್ನೋದನ್ನ ಅಷ್ಟು ಸರಳವಾಗಿ ತೋರಿಸಿದರು. ನಾವೂ ದಿನಾ ನೋಡ್ತೀವಿ. ಕಚೇರಿಯಲ್ಲೋ ಸೊಸೈಟಿಯಲ್ಲೋ ನಿನ್ನ ಕಡೆ ನ್ಯಾಯ ಇದೆ ಕಣಪ್ಪ, ಆದರೆ ನನ್ನ ಕೈ ಕಟ್ಟಿದೆ ಅನ್ನೋರು ಎಷ್ಟು ಜನ ಇಲ್ಲ?

ಕೊನೆಯಲ್ಲಿ ಅರ್ಜುನ ಕಾಡಿಗೆ ಬಂದು ಏಕಲವ್ಯನ ವಿದ್ಯೆ ನೋಡಿ ಉರಿದು ಹೋಗ್ತಾನೆ. ಗುರುವೇ ಮಾತು ತಪ್ಪಿದರು ಅಂತ ಹಂಗಿಸ್ತಾನೆ. ಗುರುವಿನ ಮಾತು ಉಳೀಲಿ ಅಂತ ಏಕಲವ್ಯ ತಾನಾಗೇ ಹೆಬ್ಬೆರಳು ಕೊಟ್ಟುಬಿಡ್ತಾನೆ. ಕೊಟ್ಟಾದ ಮೇಲೆ ಅವನಿಗೆ ಜಿಂಕೆ ಮರಿಗಳ ನೆನಪಾಗುತ್ತೆ. ಇನ್ನು ಅವುಗಳಿಗೆ ದಿಕ್ಕು ಯಾರು? ಬೆರಳು ಹೋಗಿದ್ದು ಒಬ್ಬ ಹುಡುಗನದು, ನಷ್ಟ ಆಗಿದ್ದು ಅವನನ್ನ ನಂಬಿದ ಇಡೀ ಕಾಡಿಗೆ. ಒಂದು ಮಗುವಿಗೆ ವಿದ್ಯೆ ತಪ್ಪಿಸಿದರೆ ಯಾರು ಯಾರಿಗೆ ಲುಕ್ಸಾನು ಆಗುತ್ತೆ ಅನ್ನೋ ಲೆಕ್ಕವನ್ನ ಕೈಲಾಸಂ ಹೀಗೆ ಕೇಳಿದರು.

ಇದಕ್ಕೂ ಮುಂಚೆ ಬರೆದ 'ಫುಲ್‌ಫಿಲ್ಮೆಂಟ್' ನಾಟಕದಲ್ಲಿ ಏಕಲವ್ಯನ ಕೊನೆ ಇದೆ. ಯುದ್ಧ ಶುರುವಾಗೋ ಮುಂಚೆ ಕೃಷ್ಣನ ಕೈಯಲ್ಲೇ ಅವನ ಸಾವು. ದೇವರು ಅನ್ನಿಸಿಕೊಂಡವನ ಕೈಯಲ್ಲೂ ರಕ್ತ ಇದೆ ಅಂತ ಬರೆಯೋಕೆ ಗುಂಡಿಗೆ ಬೇಕು.

ಕರ್ಣನನ್ನ ನೋಡಿದ ಬಗೆ

ಕರ್ಣನ ಮೇಲೆ ಅವರು ಬರೆದ ದೊಡ್ಡ ನಾಟಕ 'ದಿ ಕರ್ಸ್ ಆರ್ ಕರ್ಣ', ಅಂದರೆ ಶಾಪ ಅಥವಾ ಕರ್ಣ. 1946ರಲ್ಲಿ ಬಂತು. ಐದು ಅಂಕ. ಅದನ್ನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಧಾಟಿಯಲ್ಲಿ ಕಟ್ಟಿದ್ದು ಅಂತ ಅವರೇ ಹೆಸರಿನ ಕೆಳಗೆ ಸೇರಿಸಿದ್ದಾರೆ. ಸೊಫೊಕ್ಲಿಸ್ ಸುಮಾರು 2,400 ವರ್ಷದ ಹಿಂದೆ ಅಥೆನ್ಸ್‌ನಲ್ಲಿದ್ದವನು. ಅವನ ಈಡಿಪಸ್ ರಾಜನಿಗೆ ತನ್ನ ಹುಟ್ಟಿನ ಗುಟ್ಟು ಗೊತ್ತಿಲ್ಲ, ಗೊತ್ತಾದ ದಿನ ಬದುಕೇ ಕುಸಿಯುತ್ತೆ. ನಮ್ಮ ಕರ್ಣನಿಗೂ ಹುಟ್ಟಿನ ಗುಟ್ಟೇ ಉರುಳು. ಹುಟ್ಟು ಮುಚ್ಚಿಟ್ಟು ವಿದ್ಯೆ ಕಲಿತದ್ದಕ್ಕೆ ಪರಶುರಾಮರ ಶಾಪ. ಹುಟ್ಟು ಹೇಳಿದರೆ ಸೂತಪುತ್ರ ಅಂತ ಸಭೆಯಲ್ಲಿ ಅವಮಾನ. ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೂ ಕಷ್ಟ. ಗ್ರೀಕರು ಇದನ್ನ ವಿಧಿ ಅಂದರು. ಕೈಲಾಸಂ ನಾಟಕ ಓದಿದರೆ ಇದು ವಿಧಿಗಿಂತ ಜಾಸ್ತಿ ಮನುಷ್ಯರು ಹಾಕಿದ ಗೆರೆ ಅಂತ ಅನ್ನಿಸುತ್ತೆ.

ಆ ಕಾಲದಲ್ಲಿ ಗ್ರೀಕ್ ನಾಟಕದ ಕಡೆ ಕಣ್ಣು ಹಾಯಿಸಿದ ಕನ್ನಡಿಗರು ಇವರೊಬ್ಬರೇ ಅಲ್ಲ. ಚನ್ನರಾಯಪಟ್ಟಣ ತಾಲೂಕಿನ ಹಿರೀಸಾವೆ ದಾಟಿದರೆ ಸಿಗೋ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್‌ನ ಒಂದು ನಾಟಕವನ್ನೇ ಮಹಾಭಾರತಕ್ಕೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಅವರೂ ಕೈಲಾಸಂ ಥರ 1884ರಲ್ಲಿ ಹುಟ್ಟಿ 1946ರಲ್ಲೇ ತೀರಿಕೊಂಡವರು. ಸೋತವರ ಪರ ನಿಲ್ಲೋದು ಕನ್ನಡಕ್ಕೆ ಹೊಸದೂ ಅಲ್ಲ. ಹತ್ತನೇ ಶತಮಾನದ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನಿಗೂ ಮರುಗಿದವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ಕವಿರತ್ನ ಅಂತ ಕೆತ್ತಿರೋ ಅಕ್ಷರ ಅವನದೇ ಅಂತ ವಿದ್ವಾಂಸರು ಹೇಳ್ತಾರೆ. ಬೆಟ್ಟ ಹತ್ತಿದಾಗ ನೋಡಿ ಬನ್ನಿ.

ನ್ಯೂಯಾರ್ಕಿನಲ್ಲೂ ಇದೇ ಜಗಳ

ಹಳೇ ದೊಡ್ಡ ನಾಟಕಗಳು ಯಾರ ಸ್ವತ್ತು ಅನ್ನೋ ಪ್ರಶ್ನೆ ನಮ್ಮಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ ಎದ್ದಿತ್ತು. 1821ರಲ್ಲಿ ನ್ಯೂಯಾರ್ಕಿನ ಕಪ್ಪು ಜನ ಆಫ್ರಿಕನ್ ಗ್ರೋವ್ ಅಂತ ಒಂದು ನಾಟಕ ಮಂಡಳಿ ಮಾಡಿಕೊಂಡರು. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾಗೋಕೆ ಇನ್ನೂ ಆರು ವರ್ಷ ಇತ್ತು. ಅವರು ಆಡಿದ್ದು ಬಿಳಿಯರು ತಮ್ಮದೇ ಅಂದುಕೊಂಡಿದ್ದ ಶೇಕ್ಸ್‌ಪಿಯರ್ ನಾಟಕ, ಮೂರನೇ ರಿಚರ್ಡ್ ರಾಜನ ಕಥೆ. ಹತ್ತಿರದ ಬಿಳಿಯರ ಥಿಯೇಟರಿಗೆ ಕಣ್ಣು ಕೆಂಪಾಯಿತು. ಪೊಲೀಸರು ಬಂದು ನಟರನ್ನ ಹಿಡಿದುಕೊಂಡು ಹೋದರು. ಅದೇ ನ್ಯೂಯಾರ್ಕಿನಲ್ಲಿ ಹುಟ್ಟಿದ ಕಪ್ಪು ಹುಡುಗ ಐರಾ ಆಲ್ಡ್ರಿಜ್ ಅಲ್ಲಿ ನಟನಿಗೆ ಬದುಕಿಲ್ಲ ಅಂತ ಇಂಗ್ಲೆಂಡಿಗೆ ಹೋದ. 1833ರಲ್ಲಿ ಲಂಡನ್ನಿನ ದೊಡ್ಡ ರಂಗಮಂದಿರದಲ್ಲಿ ಒಥೆಲೊ ಪಾತ್ರ ಮಾಡಿದ. ಅಲ್ಲಿನ ಪತ್ರಿಕೆಗಳು ಅವನ ಬಣ್ಣ ಹಿಡಿದು ಬೈದವು. ಅವನು ನಿಲ್ಲಿಸಲಿಲ್ಲ, ಯುರೋಪ್ ಪೂರ್ತಿ ಸುತ್ತಿ ಆಡಿದ.

ಕೈಲಾಸಂ ಅವರಿಗೂ ಇವರಿಗೂ ನೇರ ಸಂಬಂಧ ಇಲ್ಲ. ಒಂದು ದೊಡ್ಡ ವ್ಯತ್ಯಾಸವೂ ಇದೆ. ಅಲ್ಲಿ ತುಳಿಸಿಕೊಂಡವರೇ ರಂಗ ಹತ್ತಿದರು. ಇಲ್ಲಿ ಏಕಲವ್ಯನ ಪರ ಮಾತಾಡಿದ್ದು ಮೇಲ್ಜಾತಿಯ ಜಡ್ಜ್ ಮಗ. ಆದರೆ ಇಬ್ಬರೂ ಮಾಡಿದ ಕೆಲಸದಲ್ಲಿ ಒಂದು ಹೋಲಿಕೆ ಇದೆ. ದೊಡ್ಡವರ ಕಥೆಯನ್ನ ಸುಟ್ಟು ಹಾಕಲಿಲ್ಲ, ಅದನ್ನೇ ಕೈಗೆ ತಗೊಂಡು ಅದರೊಳಗಿಂದಲೇ ನ್ಯಾಯ ಕೇಳಿದರು.

ಇಂಗ್ಲಿಷಿನಲ್ಲಿ ಬರೆದಿದ್ದೇ ತೊಡಕಾಯ್ತಾ

ಮೆಚ್ಚಿದ್ದನ್ನ ಹೇಳಿದ ಮೇಲೆ ತಕರಾರನ್ನೂ ಹೇಳಬೇಕು. ಮನೆಮನೆಯ ಕಥೆಯನ್ನ ಕನ್ನಡದಲ್ಲಿ ಹೇಳಿದ ಕೈಲಾಸಂ, ಏಕಲವ್ಯ ಮತ್ತು ಕರ್ಣನನ್ನ ಇಂಗ್ಲಿಷಿನಲ್ಲಿ ಬರೆದರು. ಅದೂ ಹಳೇ ಕಾಲದ ಗಡುಸು ಇಂಗ್ಲಿಷ್. ಪುರಾಣದ ದೊಡ್ಡ ಪಾತ್ರಗಳಿಗೆ ದಿನಬಳಕೆಯ ಕನ್ನಡ ಹಗುರ ಆಗುತ್ತೆ ಅನ್ನೋ ಭಾವನೆ ಅವರಿಗಿತ್ತು ಅಂತ ಅವರನ್ನ ಓದಿಕೊಂಡವರು ಹೇಳ್ತಾರೆ. ಇರಬಹುದು. ಆದರೆ ಅದರಿಂದ ಏನಾಯ್ತು? ಯಾರ ಮಕ್ಕಳಿಗಾಗಿ ಆ ನಾಟಕ ಬರೆಯಬೇಕಿತ್ತೋ ಅವರ ಕಿವಿಗೇ ಅದು ಬೀಳಲಿಲ್ಲ. ಆಮೇಲೆ ಕನ್ನಡಕ್ಕೆ ಬಂದರೂ ಪೇಟೆಯ ರಂಗಮಂದಿರ ದಾಟಿ ನಮ್ಮ ಕಡೆ ಹಳ್ಳಿಗಳಿಗೆ ಬಂದಿದ್ದು ಕಮ್ಮಿ. ಅವರ ಕನ್ನಡ ನಾಟಕಗಳ ಮಾತೂ ಬೆಂಗಳೂರು, ಮೈಸೂರಿನ ಓದಿದ ಬ್ರಾಹ್ಮಣರ ಮನೆ ಮಾತು, ನಮ್ಮ ಹಟ್ಟಿ ಹಳ್ಳಿಯದಲ್ಲ.

ಆ ಕೊರತೆ ತುಂಬಿದವರು ಕುವೆಂಪು. ಅವರ 'ಶೂದ್ರ ತಪಸ್ವಿ' 1944ರಲ್ಲಿ ಬಂತು, ತಪಸ್ಸು ಮಾಡಿದ ಶಂಬೂಕನ ಕಥೆ. ಏಕಲವ್ಯನ ಮೇಲೆ 'ಬೆರಳ್‌ಗೆ ಕೊರಳ್' 1947ರಲ್ಲಿ. ಬೆರಳು ಕೇಳಿದವರ ಕೊರಳಿಗೇ ಅದು ಬಂತು ಅನ್ನೋದು ಅದರ ತಿರುಳು. ಒಂದೇ ಹೊತ್ತಿನಲ್ಲಿ ಇಬ್ಬರು ದೊಡ್ಡವರು, ಬೇರೆ ಬೇರೆ ಜಾತಿಯಲ್ಲಿ ಹುಟ್ಟಿದವರು, ಒಂದೇ ಬೆರಳಿನ ಲೆಕ್ಕ ಕೇಳಿದರು ಅನ್ನೋದು ಸಣ್ಣ ವಿಷಯ ಅಲ್ಲ.

ಕೊನೆಯ ದಿನಗಳು

ನೌಕರಿ ಬಿಟ್ಟವರ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. ಸಂಸಾರವೂ ಹೊಂದಲಿಲ್ಲ, ಹೆಚ್ಚಿನ ಕಾಲ ಒಂಟಿಯಾಗೇ ಇದ್ದರು. ಇದ್ದ ಸಣ್ಣ ಜಾಗಕ್ಕೆ ನೂಕ್ ಅಂತ ಹೆಸರಿಟ್ಟುಕೊಂಡಿದ್ದರು, ಅಂದರೆ ಮೂಲೆ. ಅಲ್ಲಿ ಪುಸ್ತಕ, ಸಿಗರೇಟು, ಬಂದುಹೋಗೋ ಗೆಳೆಯರು. 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಮನೆಯಲ್ಲಿ ತಮಿಳು ಆಡಿ, ನಾಟಕದಲ್ಲಿ ಇಂಗ್ಲಿಷ್ ಬೆರೆಸಿದವರಿಗೆ ಕನ್ನಡ ಕೊಟ್ಟ ಅತಿ ದೊಡ್ಡ ಗೌರವ ಅದು. ಮಾರನೇ ವರ್ಷ, 1946ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 62. ಕೀಚಕನ ಮೇಲೆ ಅವರು ಮಾಡಿದ್ದ ಇಂಗ್ಲಿಷ್ ನಾಟಕ ಅಚ್ಚಾಗಿದ್ದು ಅವರು ಹೋದ ಮೇಲೆ. ಮುಂದೆ ನಟ ಸಿ.ಆರ್. ಸಿಂಹ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಅನ್ನೋ ಏಕವ್ಯಕ್ತಿ ನಾಟಕ ಆಡಿ, ಕೈಲಾಸಂ ಅವರನ್ನ ನೋಡದ ತಲೆಮಾರಿಗೂ ಅವರನ್ನ ತೋರಿಸಿಕೊಟ್ಟರು.

ನಮ್ಮೂರಿನ ಜಗಲಿ

ಕೊನೆಗೆ ನಮ್ಮೂರಿನ ಒಂದು ಸಂಗತಿ ಹೇಳ್ತೀನಿ. ಊರಿನ ಹೆಸರು, ಆಳಿನ ಹೆಸರು ಬೇಡ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನಲ್ಲಿ ಕುರುಕ್ಷೇತ್ರದ ಪ್ರಾಕ್ಟೀಸ್ ನಡೀತಿತ್ತು. ಒಳಗೆ ಹಾರ್ಮೋನಿಯಂ, ಹೊರಗೆ ಜಗಲಿ ಮೇಲೆ ಕೆಳಗಿನ ಕೇರಿಯ ಒಬ್ಬ ಹುಡುಗ ದಿನಾ ಬಂದು ಕೂರ್ತಿದ್ದ. ಒಂದು ರಾತ್ರಿ ಕರ್ಣನ ಪಾರ್ಟ್ ಮಾಡೋರಿಗೆ ಜ್ವರ. ಮೇಷ್ಟ್ರು ಪದ್ಯ ಎತ್ತಿಕೊಂಡು ನಿಂತರು, ಹೇಳೋರಿಲ್ಲ. ಜಗಲಿ ಮೇಲಿಂದ ಆ ಹುಡುಗ ಶುರು ಮಾಡಿದ. ಒಂದಕ್ಷರ ತಪ್ಪಲಿಲ್ಲ. ಒಳಗಿದ್ದವರು ಚಪ್ಪಾಳೆ ಹೊಡೆದರು. ಆದರೆ ಒಳಗೆ ಬಾರಪ್ಪ ಅಂತ ಯಾರೂ ಅನ್ನಲಿಲ್ಲ. ಪಾರ್ಟಿಗೆ ದುಡ್ಡು ಕಟ್ಟಬೇಕಲ್ಲ ಅನ್ನೋ ಮಾತು ಬಂತು. ದುಡ್ಡು ಒಂದೇ ಕಾರಣ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಬಾಯಿ ತೆಗೆಯದವರಲ್ಲೂ ನಾನು ಒಬ್ಬ.

ಆ ಹುಡುಗ ಬೆರಳು ಕೊಡಲಿಲ್ಲ. ಎರಡು ವರ್ಷ ಗಾರೆ ಕೆಲಸ ಮಾಡಿ ದುಡ್ಡು ಕೂಡಿಸಿದ, ಕೇರಿಯ ಹುಡುಗರನ್ನ ಸೇರಿಸಿ ತಮ್ಮದೇ ಸಂಘ ಮಾಡಿದ. ಅದೇ ಮೇಷ್ಟ್ರನ್ನ ಹೋಗಿ ಕರೆದ, ಮೇಷ್ಟ್ರೂ ಬಂದರು. ಕೇರಿಯ ಮುಂದೆ ಸ್ಟೇಜ್ ಹಾಕಿ ಕರ್ಣನ ಪಾರ್ಟ್ ತಾನೇ ಮಾಡಿದ. ಊರಿನವರೂ ಹೋಗಿ ನೋಡಿದರು. ಮೊದಲು ದೂರ ನಿಂತವರು ಕುಂತಿ ಸೀನ್ ಹೊತ್ತಿಗೆ ಹತ್ತಿರ ಬಂದು ಚಾಪೆ ಮೇಲೆ ಕೂತಿದ್ದರು.

ಕೈಲಾಸಂ ನಾಟಕ ಓದಿದಾಗ ನನಗೆ ನೆನಪಾಗಿದ್ದು ಆ ಜಗಲಿ. ನಮ್ಮ ಜಿಲ್ಲೆಯ ಕಲಾ ಸಂಘದವರಲ್ಲಿ, ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಕುರುಕ್ಷೇತ್ರ ಕಟ್ಟುವಾಗ ಮುಖ್ಯ ನಾಟಕಕ್ಕೆ ಮುಂಚೆ ಒಂದು ಅರ್ಧ ಗಂಟೆ ಏಕಲವ್ಯನಿಗೆ ಕೊಡಿ. ಪದ್ಯ ನೀವೇ ಕಟ್ಟಿ, ಧಾಟಿ ನಿಮ್ಮದೇ ಇರಲಿ. ಕೈಲಾಸಂ, ಕುವೆಂಪು ಇಬ್ಬರ ಪುಸ್ತಕಗಳನ್ನೂ ಹತ್ತಿರದ ಲೈಬ್ರರಿಯಲ್ಲಿ ಕೇಳಿ ನೋಡಿ. ಆ ಪಾರ್ಟಿಗೆ ಮಾತ್ರ ದುಡ್ಡು ಕಟ್ಟಿಸಿಕೊಳ್ಳಬೇಡಿ. ಜಗಲಿ ಮೇಲೆ ಯಾರು ಕೂತಿದ್ದಾರೆ ಅಂತ ಒಮ್ಮೆ ಹೊರಗೆ ಬಂದು ನೋಡಿ, ಅವರಿಗೆ ಕೊಡಿ.